ಮುಳ್ಳು ಸುಳ್ಳು ಹೇಳಿದರೆ: ಲಾರಿಗೆ ಹಾಕಿದ ಹೊರಗಿನ ಮೀಟರ್ ಸರಿಮಾಡಿಸಬೇಕೇ, ಕಿತ್ತು ಹಾಕಬೇಕೇ?

ಹಳೆಯ ಲಾರಿಯ ಕಂಪನಿ ಮೀಟರ್ ಕೆಟ್ಟ ಮೇಲೆ ಅಂಗಡಿಯಿಂದ ದುಂಡನೆಯ ಬೇರೆ ಮೀಟರ್ ತಂದು ಡ್ಯಾಶ್‌ಬೋರ್ಡಿಗೆ ಕೂರಿಸುವುದು ಮಾಮೂಲಿ. ಒಂದು ಇಂಜಿನ್ ಬಿಸಿಗೆ, ಒಂದು ಆಯಿಲ್ ಪ್ರೆಶರ್‌ಗೆ. ಕೆಲವು ತಿಂಗಳು ಚೆನ್ನಾಗಿರುತ್ತದೆ. ಆಮೇಲೆ ಮುಳ್ಳು ಕುಣಿಯುತ್ತದೆ, ಇಲ್ಲವೇ ಒಂದೇ ಕಡೆ ನಿಂತುಬಿಡುತ್ತದೆ. ಆಗ ಏನು ಮಾಡಬೇಕು? ಒಬ್ಬ ಎಲೆಕ್ಟ್ರಿಷಿಯನ್ ಮತ್ತು ತನ್ನ ಲಾರಿಯನ್ನು ತಾನೇ ಓಡಿಸುವ ಒಬ್ಬ ಮಾಲೀಕ ಇಲ್ಲಿ ಬರೆದಿದ್ದಾರೆ.

ಪರ: ಕೀಳುವ ಮುಂಚೆ ಅರ್ತ್ ನೋಡಿ

ನನ್ನದು ಸಕಲೇಶಪುರದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ. ಮಂಗಳೂರು ಕಡೆಯಿಂದ ಲೋಡ್ ಹೊತ್ತು ಶಿರಾಡಿ ಘಾಟಿ ಹತ್ತಿದ ಲಾರಿಗಳು ನಮ್ಮ ಅಂಗಡಿ ಮುಂದೆಯೇ ಹೋಗಬೇಕು. ಹಾಗಾಗಿ ಬಿಸಿಯಾದ ಇಂಜಿನ್ ಮತ್ತು ಸುಳ್ಳು ಹೇಳುವ ಮೀಟರ್, ಎರಡನ್ನೂ ದಿನಾ ನೋಡುತ್ತೇನೆ.

ಒಂದು ಮಳೆಗಾಲದ ಸಂಜೆ ಒಬ್ಬ ಡ್ರೈವರ್ ಬಂದರು. "ಅಣ್ಣ, ಈ ಟೆಂಪರೇಚರ್ ಮೀಟರ್ ಕಿತ್ತು ಬಿಸಾಕಿ. ಹೆಡ್‌ಲೈಟ್ ಹಾಕಿದ್ರೆ ಸಾಕು, ಮುಳ್ಳು ಎಗರುತ್ತೆ" ಎಂದರು. ನಾನು ಹತ್ತಿ ಕೂತು ಲೈಟ್ ಹಾಕಿದೆ. ನಿಜ, ಮುಳ್ಳು ಎಗರಿತು. ಲೈಟ್ ಹಾಕಿದ ಮಾತ್ರಕ್ಕೆ ಇಂಜಿನ್ ಒಂದು ಸೆಕೆಂಡಿನಲ್ಲಿ ಬಿಸಿಯಾಗುವುದಿಲ್ಲ, ಅಲ್ವಾ? ಒಂದು ಉದ್ದ ವೈರ್ ತೆಗೆದುಕೊಂಡೆ. ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ಮೀಟರ್ ಹಿಂದಿನ ಅರ್ತ್ ಪಿನ್ನಿಗೆ. ಅರ್ತ್ ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. "ಈಗ ಲೈಟ್ ಹಾಕಿ" ಎಂದೆ. ಮುಳ್ಳು ಅಲ್ಲಾಡಲಿಲ್ಲ. ಮೀಟರ್ ಕೂರಿಸಿದವರು ಅದರ ಅರ್ತನ್ನು ತುಕ್ಕು ಹಿಡಿದ ಒಂದು ಸ್ಕ್ರೂಗೆ ಸುತ್ತಿದ್ದರು. ದೀಪಗಳ ಅರ್ತೂ ಅದೇ ಸ್ಕ್ರೂಗೆ. ಉಪ್ಪು ಕಾಗದದಲ್ಲಿ ಉಜ್ಜಿ, ಮೀಟರ್‌ಗೆ ಬೇರೆ ಅರ್ತ್ ಕೊಟ್ಟೆ. ಹತ್ತು ನಿಮಿಷದ ಕೆಲಸ. ಮೀಟರೂ ಚೆನ್ನಾಗಿತ್ತು, ಇಂಜಿನ್‌ನಲ್ಲಿ ಕೂತು ಬಿಸಿ ಅಳೆಯುವ ಸೆನ್ಸರೂ ಚೆನ್ನಾಗಿತ್ತು.

ನನ್ನ ವಾದ ಇಷ್ಟೇ. "ಮೀಟರ್ ಕೆಟ್ಟಿದೆ" ಎಂದು ಬರುವವರಲ್ಲಿ ಜಾಸ್ತಿ ಜನರ ಮೀಟರ್ ಕೆಟ್ಟಿರುವುದಿಲ್ಲ. ಕೂರಿಸಿದ ರೀತಿ ಕೆಟ್ಟಿರುತ್ತದೆ.

ಒಂದೇ ವೈರಿನ ಸೆನ್ಸರ್‌ಗೆ ಅರ್ತ್ ಸಿಗುವುದು ಅದರ ಥ್ರೆಡ್‌ನಿಂದ, ಇಂಜಿನ್ ಮೈಯಿಂದ. ಸೋರಬಾರದು ಎಂದು ಥ್ರೆಡ್‌ಗೆ ಬಿಳಿ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿ ಬಿಗಿದರೆ ಆ ದಾರಿ ಮುಚ್ಚಿಹೋಗುತ್ತದೆ. ನಲ್ಲಿಗೆ ಸುತ್ತಿದ ಹಾಗೆ ಸೆನ್ಸರ್‌ಗೆ ಸುತ್ತಬಾರದು. ಇಂಜಿನ್‌ನಿಂದ ಚಾಸಿಗೆ ಬರುವ ಅರ್ತ್ ಪಟ್ಟಿ ಸಡಿಲವಾದರೂ ಇದೇ ಕಥೆ.

ಇನ್ನು ಮೀಟರ್, ಸೆನ್ಸರ್ ಜೋಡಿ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ತಪ್ಪು ಶುರುವಾಗುವುದೇ ಅಂಗಡಿಯ ಕೌಂಟರ್‌ನಲ್ಲಿ. ಮೀಟರ್ ಓದುವುದು ಸೆನ್ಸರ್‌ನ ಓಮ್ ಲೆಕ್ಕವನ್ನು, ಅಂದರೆ ಅದು ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದನ್ನು. ಪೇಟೆಯಲ್ಲಿ ಮುಖ್ಯವಾಗಿ ಎರಡು ಮನೆತನಗಳಿವೆ. ಯುರೋಪಿನ ಪದ್ಧತಿಯ ಆಯಿಲ್ ಸೆನ್ಸರ್ ಪ್ರೆಶರ್ ಇಲ್ಲದಾಗ ಸುಮಾರು 10 ಓಮ್, ಪೂರ್ತಿ ಪ್ರೆಶರ್‌ನಲ್ಲಿ ಸುಮಾರು 180 ಓಮ್ ತೋರಿಸುತ್ತದೆ. ಅಮೆರಿಕದ ಪದ್ಧತಿಯದು ಉಲ್ಟಾ: ಖಾಲಿಗೆ 240, ಪೂರ್ತಿಗೆ 33. ಒಂದು ಮನೆಯ ಮೀಟರ್‌ಗೆ ಇನ್ನೊಂದು ಮನೆಯ ಸೆನ್ಸರ್ ಹಾಕಿದರೆ ಮುಳ್ಳು ಹಿಂದುಮುಂದಾಗಿ ಓಡುತ್ತದೆ. ಅಂಗಡಿಯವರು ಥ್ರೆಡ್ ಕೂತರೆ ಸರಿ ಎಂದು ಕೊಟ್ಟುಬಿಡುತ್ತಾರೆ. ಥ್ರೆಡ್‌ನಲ್ಲೂ ಮೋಸ ಹೋಗಬಹುದು. 1/8 ಇಂಚಿನದರಲ್ಲೇ ಒಂದಕ್ಕೆ ಇಂಚಿಗೆ 27 ಸುತ್ತು, ಇನ್ನೊಂದಕ್ಕೆ 28. ಮೊದಲ ಎರಡು ಸುತ್ತು ಆರಾಮಾಗಿ ಹೋಗುತ್ತದೆ, ಆಮೇಲೆ ಸ್ಪ್ಯಾನರ್ ಹಾಕಿ ಬಲವಂತ ಮಾಡುತ್ತಾರೆ. ವೋಲ್ಟ್ ಕೂಡ ನೋಡಬೇಕು. ದೊಡ್ಡ ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಟ್ರ್ಯಾಕ್ಟರ್‌ಗೆ ಅಂತ ಮಾಡಿದ 12 ವೋಲ್ಟ್ ಮೀಟರ್ ಅಲ್ಲಿ ಬಾಳುವುದಿಲ್ಲ. ಇದರಲ್ಲಿ ಮೀಟರ್‌ನ ತಪ್ಪೇನಿದೆ?

ಯಾವುದು ಕೆಟ್ಟಿದೆ ಎಂದು ನೋಡುವುದೂ ಕಷ್ಟವಲ್ಲ. ಕೀ ಆನ್ ಮಾಡಿ, ಟೆಂಪರೇಚರ್ ಸೆನ್ಸರ್‌ನ ವೈರ್ ತೆಗೆಯಿರಿ. ಮುಳ್ಳು ತಣ್ಣನೆಯ ಕಡೆಗೆ ಬೀಳಬೇಕು. ಅದೇ ವೈರನ್ನು ಒಂದು ಕ್ಷಣ ಮಾತ್ರ ಇಂಜಿನ್ ಮೈಗೆ ಮುಟ್ಟಿಸಿ. ಮುಳ್ಳು ಪೂರ್ತಿ ಬಿಸಿ ಕಡೆಗೆ ಓಡಬೇಕು. ಎರಡೂ ಆದರೆ ಮೀಟರ್, ವೈರ್ ಸರಿ. ಸೆನ್ಸರ್ ಮೇಲೆ ಅನುಮಾನ ಇಡಿ. ಅದನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿ ತುದಿ ಮುಳುಗಿಸಿ, ಜೊತೆಗೊಂದು ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿ. ನೀರು ಬಿಸಿಯಾದಂತೆ ಮಲ್ಟಿಮೀಟರ್‌ನಲ್ಲಿ ಓಮ್ ನಿಧಾನಕ್ಕೆ, ಒಂದೇ ಸಮ ಇಳಿಯಬೇಕು. ನಡುವೆ ಜಿಗಿದರೆ ಸೆನ್ಸರ್ ಹೋಗಿದೆ ಅಂತ ಅರ್ಥ. ನಮ್ಮ ಸಕಲೇಶಪುರ, ಹಾಸನದ ಎತ್ತರದಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. 100 ಬರಲಿಲ್ಲ ಎಂದು ಥರ್ಮಾಮೀಟರನ್ನು ಬೈಯಬೇಡಿ.

ಇಷ್ಟೆಲ್ಲ ಯಾಕೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಇದೆಯಲ್ಲ ಎನ್ನುತ್ತಾರೆ. ಆಯಿಲ್ ದೀಪ ಹತ್ತುವುದು ಪ್ರೆಶರ್ ಹೆಚ್ಚು ಕಡಿಮೆ ಅರ್ಧ ಬಾರ್‌ಗೆ ಇಳಿದ ಮೇಲೆ. ಅಷ್ಟರಲ್ಲಿ ಬೇರಿಂಗ್ ಒಣಗಲು ಶುರುವಾಗಿರುತ್ತದೆ. ಮುಳ್ಳು ಹಾಗಲ್ಲ. ಘಾಟಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿ ಕಡೆಗೆ ಲೋಡ್ ಎಳೆಯುವಾಗ ಟೆಂಪರೇಚರ್ ಮುಳ್ಳು ಒಂದೊಂದೇ ಗೆರೆ ಏರುವುದನ್ನು ನೋಡಿದ ಡ್ರೈವರ್ ಎಲ್ಲಿ ಬದಿಗೆ ಹಾಕಬೇಕು ಎಂದು ಮೊದಲೇ ಲೆಕ್ಕ ಹಾಕುತ್ತಾನೆ. ಆ ಕಿರಿದಾದ ತಿರುವುಗಳಲ್ಲಿ ಎಲ್ಲೆಂದರಲ್ಲಿ ನಿಲ್ಲಿಸಲು ಆಗುವುದಿಲ್ಲ. ಒಂದು ಲಾರಿ ಕೆಟ್ಟು ನಿಂತರೆ ಹಿಂದೆ ಆಂಬುಲೆನ್ಸೂ ನಿಲ್ಲುತ್ತದೆ. ಆ ಮುನ್ಸೂಚನೆಯನ್ನು ಒಂದು ತುಕ್ಕಿನ ಸ್ಕ್ರೂಗೋಸ್ಕರ ಕಿತ್ತು ಬಿಸಾಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ವಿರೋಧ: ನಾನು ಕಿತ್ತು ಹಾಕಿದೆ, ಮತ್ತೆ ಹಾಕಿಸುವುದಿಲ್ಲ

ಎಲೆಕ್ಟ್ರಿಷಿಯನ್ ಅಣ್ಣನ ಮಾತಿನಲ್ಲಿ ಒಂದೂ ಸುಳ್ಳಿಲ್ಲ. ಅವರ ಹಾಗೆ ವೈರ್ ಹಿಡಿದು ನೋಡುವವರು ಪ್ರತಿ ಊರಿನಲ್ಲೂ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನನ್ನದು ಹತ್ತು ಚಕ್ರದ ಹಳೆಯ ಲಾರಿ. ಕಂಪನಿ ಆಯಿಲ್ ಮೀಟರ್ ನಿಂತುಹೋಗಿತ್ತು. ದಾರಿಯಲ್ಲಿ ಒಂದು ಅಂಗಡಿಯಲ್ಲಿ ಹೊಸ ಮೀಟರ್, ಸೆನ್ಸರ್ ಹಾಕಿಸಿದೆ. ನೋಡಲು ಚೆಂದ ಇತ್ತು, ರಾತ್ರಿ ಹಸಿರು ಬೆಳಕು ಬರುತ್ತಿತ್ತು. ಕೆಲವು ತಿಂಗಳ ಮೇಲೆ ಮುಳ್ಳು ಆಗಾಗ ನಡುಗಲು ಶುರುವಾಯಿತು. ಗಾಜಿನ ಮೇಲೆ ಬೆರಳಲ್ಲಿ ಎರಡು ಸಲ ತಟ್ಟುತ್ತಿದ್ದೆ, ಸರಿಹೋಗುತ್ತಿತ್ತು. ಆ ತಟ್ಟುವ ಅಭ್ಯಾಸದಿಂದಲೇ ನಾನು ಕೆಟ್ಟೆ. ಮುಳ್ಳು ಏನೇ ಹೇಳಿದರೂ "ಇದರ ಹಣೆಬರಹವೇ ಇಷ್ಟು" ಅನ್ನಿಸಲು ಶುರುವಾಗಿತ್ತು.

ಒಂದು ದಿನ ಹುಬ್ಬಳ್ಳಿಗೆ ಹೊರಟಿದ್ದೆ. ಬೆಳಿಗ್ಗೆ ಮುಳ್ಳು ಮೇಲೆಯೇ ಇತ್ತು. ತಣ್ಣನೆಯ ಆಯಿಲ್ ಗಟ್ಟಿ ಇರುತ್ತದೆ, ಪ್ರೆಶರ್ ಜಾಸ್ತಿ ತೋರಿಸುವುದು ಸಹಜ. ಹಿರಿಯೂರಿನ ಹತ್ತಿರ ಟೋಲ್‌ನಲ್ಲಿ ಸಾಲು ನಿಂತಿದ್ದಾಗಲೂ ಮೇಲೆಯೇ ಇತ್ತು. ಅಲ್ಲಿ ನನಗೆ ಹೊಳೆಯಬೇಕಿತ್ತು. ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿ ನಿಂತಾಗ ಮುಳ್ಳು ಇಳಿಯಲೇಬೇಕು. ಹೊಳೆಯಲಿಲ್ಲ. ಟೋಲ್ ದಾಟಿ ಸ್ವಲ್ಪ ದೂರಕ್ಕೆ ಕೆಳಗಿನಿಂದ ಟಕ ಟಕ ಶಬ್ದ ಬಂತು. ಬದಿಗೆ ಹಾಕಿ ಇಳಿಯುವಷ್ಟರಲ್ಲಿ ಇಂಜಿನ್ ತಾನೇ ಕಟ್ಟಿಕೊಂಡು ನಿಂತಿತು. ಕೆಳಗೆ ಬಗ್ಗಿ ನೋಡಿದರೆ ಆಯಿಲ್ ಫಿಲ್ಟರ್‌ನ ವಾಷರ್ ಜಾರಿ, ಚಾಸಿಯ ಉದ್ದಕ್ಕೂ ಆಯಿಲ್ ಬಳಿದಿತ್ತು. ಸೆನ್ಸರ್‌ನ ವೈರ್ ಲಗ್ ಕಳಚಿ ನೇತಾಡುತ್ತಿತ್ತು. ಮೀಟರ್ ನೋಡಿದೆ. ಪೂರ್ತಿ ಪ್ರೆಶರ್! ನಿಂತ ಇಂಜಿನ್‌ಗೆ ಪೂರ್ತಿ ಪ್ರೆಶರ್.

ಎಲೆಕ್ಟ್ರಿಷಿಯನ್ ಅಣ್ಣ ಹೇಳಿದ ಆ 10ರಿಂದ 180 ಓಮ್ ಲೆಕ್ಕವನ್ನು ಇಲ್ಲಿ ನೆನಪು ಮಾಡಿಕೊಳ್ಳಿ. ಪ್ರೆಶರ್ ಏರಿದಷ್ಟೂ ಓಮ್ ಏರುವ ಸೆನ್ಸರ್ ಅದು. ವೈರ್ ಕಡಿದರೆ ಮೀಟರ್‌ಗೆ ಓಮ್ ಆಕಾಶಕ್ಕೆ ಹೋದ ಹಾಗೆ. ಹಾಗಾಗಿ ಮುಳ್ಳು ಮೇಲಕ್ಕೆ ಹೋಗಿ ಕೂರುತ್ತದೆ. ಕಡಿದಾಗ "ಎಲ್ಲ ಚೆನ್ನಾಗಿದೆ" ಎಂದು ಹೇಳುವ ಕಾವಲುಗಾರನನ್ನು ಯಾರಾದರೂ ಇಟ್ಟುಕೊಳ್ಳುತ್ತಾರಾ?

ದೀಪ ಯಾಕೆ ಹತ್ತಲಿಲ್ಲ ಎಂದು ನೀವು ಕೇಳಬೇಕು. ನಾನೂ ಕೇಳಿದೆ. ಇಂಜಿನ್‌ನಲ್ಲಿ ಆಯಿಲ್ ದಾರಿಗೆ ಸುಲಭವಾಗಿ ಕೈಗೆ ಸಿಗುವ ತೂತು ಒಂದೇ ಇತ್ತು. ಮೀಟರ್ ಹಾಕಿದವರು ಆ ತೂತಿನಿಂದ ಕಂಪನಿಯ ದೀಪದ ಸ್ವಿಚ್ ಬಿಚ್ಚಿ, ಹೊಸ ಸೆನ್ಸರ್ ಕೂರಿಸಿದ್ದರು. ದೀಪದ ವೈರನ್ನು ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿದ್ದರು. ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಕೀ ತಿರುಗಿಸಿದಾಗ ದೀಪ ಬರುತ್ತದೋ ಇಲ್ಲವೋ ಎಂದು ನೋಡುವುದನ್ನೇ ಬಿಟ್ಟಿದ್ದೆ, ಹೊಸ ಮೀಟರ್ ಇದೆಯಲ್ಲ ಎಂಬ ಧೈರ್ಯದಲ್ಲಿ. ಹೊರಗಿನ ಮೀಟರ್ ಬಗ್ಗೆ ನನಗಿರುವ ದೊಡ್ಡ ಸಿಟ್ಟು ಇದೇ. ತಾನು ಬರುವುದಕ್ಕೆ ಮುಂಚೆ ಇದ್ದ ಒಂದು ಕಾವಲನ್ನೂ ತೆಗೆಸಿಬಿಡುತ್ತದೆ.

ಆ ಒಂದೇ ತೂತಿಗೆ ಎರಡು ಬಾಯಿಯ ಟಿ ಹಾಕಿ ಸ್ವಿಚ್, ಸೆನ್ಸರ್ ಎರಡನ್ನೂ ಕೂರಿಸಬಹುದಿತ್ತಲ್ಲ ಎನ್ನಬಹುದು. ಕೂರಿಸಬಹುದು. ಆದರೆ ಆ ಹಿತ್ತಾಳೆಯ ಟಿ ಮೇಲೆ ದಪ್ಪ ಡಬ್ಬಿಯಂಥ ಸೆನ್ಸರ್ ನೇತಾಡಿದರೆ, ಇಂಜಿನ್ ನಡುಕಕ್ಕೆ ಟಿ ಬುಡದಲ್ಲೇ ಬಿರುಕು ಬಿಡುತ್ತದೆ. ಆಗ ಆಯಿಲ್ ಅಲ್ಲಿಂದಲೇ ಚಿಮ್ಮುತ್ತದೆ. ಅದನ್ನು ತಪ್ಪಿಸಲು ಪ್ರೆಶರ್ ತಡೆಯುವ ಪೈಪ್ ಎಳೆದು ಸೆನ್ಸರನ್ನು ಚಾಸಿ ಮೇಲೆ ಕ್ಲಾಂಪ್ ಮಾಡಬೇಕು. ಮಾಡುವವರು ಎಷ್ಟು ಜನ? ಕೀ ಹಾಕಿ, ಸ್ಟಾರ್ಟ್ ಮಾಡುವ ಮುಂಚೆ ಮುಳ್ಳು ಸೊನ್ನೆಯಲ್ಲಿದೆಯಾ ನೋಡಿದರೆ ಸಾಕು ಎನ್ನುವವರೂ ಇದ್ದಾರೆ. ಒಳ್ಳೆ ಅಭ್ಯಾಸವೇ. ನನ್ನ ವೈರ್ ಆ ದಿನ ಎಷ್ಟು ಹೊತ್ತಿಗೆ ಕಳಚಿತೋ ನನಗೆ ಗೊತ್ತಿಲ್ಲ. ಸ್ಟಾರ್ಟ್ ಆದ ಮೇಲೆ ಕಳಚಿದ್ದರೆ ಬೆಳಗಿನ ನೋಟ ಏನೂ ಮಾಡುತ್ತಿರಲಿಲ್ಲ.

ದೀಪದ ವೈರೂ ದಾರಿಯಲ್ಲಿ ಕಡಿಯಬಹುದಲ್ವಾ? ಕಡಿಯಬಹುದು. ಆದರೆ ಕಡಿದ ದೀಪ ಸುಮ್ನಿರುತ್ತದೆ. ಮರುದಿನ ಬೆಳಿಗ್ಗೆ ಕೀ ತಿರುಗಿಸಿದಾಗ ಹತ್ತದೆ, ತಾನು ಕೆಟ್ಟಿದ್ದೇನೆ ಎಂದು ತಾನೇ ಹೇಳುತ್ತದೆ. ದೀಪ ಬರೀ ಹೌದು, ಇಲ್ಲ ಅನ್ನುತ್ತದೆ, ಮುಳ್ಳಿನಷ್ಟು ವಿವರ ಕೊಡುವುದಿಲ್ಲ, ಒಪ್ಪುತ್ತೇನೆ. ನನಗೆ ಅಷ್ಟು ಸಾಕು. ಉಳಿದದ್ದನ್ನು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಹೇಳುತ್ತದೆ. ಟೆಂಪರೇಚರ್ ಮೀಟರ್‌ಗೂ ಒಂದು ಮಿತಿ ಇದೆ, ಅದು ಕಂಪನಿಯದಾದರೂ ಅಷ್ಟೇ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನೀರಿನ ಬಿಸಿ ಗೊತ್ತು. ರೇಡಿಯೇಟರ್ ಪೈಪ್ ಒಡೆದು ನೀರೆಲ್ಲ ಹೋದರೆ, ಇಂಜಿನ್ ಹೆಡ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಹಾಗಾಗಿ ಘಾಟಿಯಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಇಳಿದರೂ ನಿಲ್ಲಿಸಿ ನೋಡಿ. ಕ್ಯಾಪ್ ಮಾತ್ರ ಬಿಸಿಯಲ್ಲಿ ತೆಗೆಯಬೇಡಿ.

ಹೊಸ ಗಾಡಿಗಳ ವಿಷಯದಲ್ಲಿ ಚರ್ಚೆಯೇ ಬೇಡ. 2017ರ ಏಪ್ರಿಲ್‌ನಲ್ಲಿ ಬಿಎಸ್4, 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಇಡೀ ದೇಶಕ್ಕೆ ಬಂತು. ಈ ಗಾಡಿಗಳಲ್ಲಿ ಸೆನ್ಸರ್ ಮಾತಾಡುವುದು ಇಂಜಿನ್ ಕಂಪ್ಯೂಟರ್ ಜೊತೆ. ಆ ವೈರ್ ಸುಲಿದು ಹೊರಗಿನ ಮೀಟರ್ ಸೇರಿಸಿದರೆ ಕಂಪ್ಯೂಟರ್‌ಗೆ ಹೋಗುವ ಲೆಕ್ಕವೇ ಬದಲಾಗುತ್ತದೆ. ಬಿಸಿ ಇಲ್ಲದಿದ್ದರೂ ಪವರ್ ಕಡಿಮೆ ಮಾಡಬಹುದು, ಬಿಸಿ ಇದ್ದರೂ ಗೊತ್ತಾಗದೆ ಹೋಗಬಹುದು. ಯಾರ ಮಾತೂ ಕೇಳಿ ಆ ವೈರ್ ಮುಟ್ಟಬೇಡಿ. ಇನ್ನು ಬ್ರೇಕಿನ ಏರ್ ಮೀಟರ್. ಅದು ಕೆಟ್ಟರೆ ಹೊರಗಿನದು, ಒಳಗಿನದು ಎಂಬ ಮಾತೇ ಇಲ್ಲ. ಸರಿಯಾದದ್ದು ಬರುವವರೆಗೆ ಲಾರಿ ಹೊರಡಬಾರದು.

ಹೊರಗಿನ ಮೀಟರ್ ಕಿತ್ತ ಜಾಗದಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಒಂದು ದುಂಡು ತೂತು ಉಳಿದಿದೆ. ಅದಕ್ಕೆ ರಬ್ಬರ್ ಮುಚ್ಚಳ ಹಾಕಿದ್ದೇನೆ. ಕಂಪನಿ ಸ್ವಿಚ್ ವಾಪಸ್ ಬಂತು. ನಮ್ಮ ಕ್ಲೀನರ್ ಹುಡುಗನಿಗೆ ಬೆಳಿಗ್ಗೆ ಒಂದು ಕೆಲಸ ಕೊಟ್ಟಿದ್ದೇನೆ. ಡಿಪ್‌ಸ್ಟಿಕ್ ಒರೆಸಿ ನೋಡಿ ಬಂದು ಪಕ್ಕದಲ್ಲಿ ಕೂರುತ್ತಾನೆ. ನಾನು ಕೀ ತಿರುಗಿಸುತ್ತೇನೆ. "ಬಂತಣ್ಣ" ಅನ್ನುತ್ತಾನೆ. ಸ್ಟಾರ್ಟ್ ಮಾಡುತ್ತೇನೆ. "ಹೋಯ್ತಣ್ಣ" ಅನ್ನುತ್ತಾನೆ. ಆಮೇಲೆ ಗೇರ್ ಹಾಕುತ್ತೇನೆ.