ಸ್ಪಷ್ಟನೆ: ‘ಸಬ್ಜೆಕ್ಟ್-ಟು’ ಖರೀದಿಯಲ್ಲಿ ಸಾಲಗಾರರ ಹೆಸರು ಬದಲಾಗುವುದಿಲ್ಲ

ಅಮೆರಿಕದಲ್ಲಿ ‘ಸಬ್ಜೆಕ್ಟ್-ಟು’ ಪದ್ಧತಿಯಲ್ಲಿ (ಮಾರುವವರ ಹಳೆಯ ಗೃಹಸಾಲ ಹಾಗೆಯೇ ಉಳಿದು, ಅದರ ಕಂತನ್ನು ಕೊಂಡವರು ಕಟ್ಟುವ ವ್ಯವಸ್ಥೆ) ಮನೆ ಕೊಂಡರೆ ಸಾಲವೂ ಕೊಂಡವರ ಹೆಸರಿಗೆ ಬರುತ್ತದೆ, ಒಂದೇ ಫಾರ್ಮ್ ಸಾಕು ಎಂಬ ಮಾತು ಅಲ್ಲಿನ ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಡೀಡ್ (ಮಾಲೀಕತ್ವದ ಪತ್ರ) ಮಾತ್ರ ಕೊಂಡವರಿಗೆ; ಸಾಲಪತ್ರದಲ್ಲಿ ಮಾರಿದವರದೇ ಸಹಿ. ಕಂತು ತಪ್ಪಿದರೆ ಕೆಡುವುದು ಮಾರಿದವರ ಕ್ರೆಡಿಟ್ (ಸಾಲ ತೀರಿಸುವ ವಿಶ್ವಾಸಾರ್ಹತೆಯ ದಾಖಲೆ). (ಪಾಪ, ಮಾರಿದವರಿಗೆ ಇದನ್ನು ಹೇಳುವವರೇ ಕಡಿಮೆ.)

ಸರ್ಕಾರಿ ಫಾರ್ಮ್ ಅಂತ ಯಾವುದೂ ಇಲ್ಲ. ಕೌಂಟಿ ರೆಕಾರ್ಡರ್ (ಸ್ಥಳೀಯ ಆಸ್ತಿ ನೋಂದಣಿ) ಕಚೇರಿಯಿಂದ ನೋಂದಾಯಿತ ಅಡಮಾನ ಪತ್ರದ ನಕಲು ತೆಗೆಸಿ, ‘ಡ್ಯೂ-ಆನ್-ಸೇಲ್’ ಷರತ್ತು ಹುಡುಕಿ. ಸಾಮಾನ್ಯ ನಮೂನೆಗಳಲ್ಲಿ 18 ಅಥವಾ 19ನೇ ಕಲಂ. ಮನೆ ಕೈಬದಲಾದರೆ ಪೂರ್ತಿ ಸಾಲ ಒಮ್ಮೆಗೇ ಕೇಳುವ ಹಕ್ಕನ್ನು ಬ್ಯಾಂಕಿಗೆ ಕೊಡುವುದು ಅದೇ. 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯ್ದೆಯ ಬೆಂಬಲವೂ ಅದಕ್ಕಿದೆ. ಮನೆಯನ್ನು ಟ್ರಸ್ಟ್‌ಗೆ ವರ್ಗಾಯಿಸಿದರೆ ಬ್ಯಾಂಕ್ ಈ ಹಕ್ಕು ಚಲಾಯಿಸದಂತೆ ಆ ಕಾಯ್ದೆ ಕೊಡುವ ವಿನಾಯಿತಿ ಇರುವುದು ಸಾಲಗಾರರೇ ಫಲಾನುಭವಿಯಾಗಿ ಉಳಿದಾಗ, ವಾಸದ ಹಕ್ಕು ಕೈಬದಲಾಗದಿದ್ದಾಗ. ಉಳಿದ ಕಾಗದಗಳನ್ನು ಆ ರಾಜ್ಯದ ವಕೀಲರಿಂದಲೇ ಬರೆಸಿ.