ಆ ಪ್ಲಾಸ್ಟರ್ ಶಿಲ್ಪವನ್ನೇ ಬಿಟ್ಟಿರಲ್ಲ!
ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಸಮಕಾಲೀನ ಕಲಾ ಸಂಗ್ರಹಾಲಯದ ಬಗ್ಗೆ ನೀವು ಲೇಖನ ಬರೆದಿದ್ದು ತುಂಬಾ ಖುಷಿಯಾಯ್ತು. ಆದರೆ ಲೇಖನವೆಲ್ಲ ವಾಸ್ತುಶಿಲ್ಪಿ ನೀಮೆಯರ್ ವಿನ್ಯಾಸದ ಕಟ್ಟಡ, ತಾರಸಿಯಿಂದ ಕಾಣುವ ಇಬಿರಪುವೇರ ಪಾರ್ಕ್, ಇಷ್ಟರಲ್ಲೇ ಮುಗಿದುಹೋಯ್ತು. ಒಳಗಿರುವುದೇನು ಕಡಿಮೆಯೇ? ಇಟಲಿಯ ಕಲಾವಿದ ಬೊಚ್ಚೋನಿ 1913ರಲ್ಲಿ ಮಾಡಿದ, ದಾಪುಗಾಲು ಹಾಕುವ ಮನುಷ್ಯನ ಮೂಲ ಪ್ಲಾಸ್ಟರ್ ಶಿಲ್ಪ ಇರುವುದು ಈ ಸಂಗ್ರಹದಲ್ಲೇ. ನ್ಯೂಯಾರ್ಕ್, ಲಂಡನ್‌ಗಳಲ್ಲಿ ಜನ ನೋಡುವ ಕಂಚಿನ ಪ್ರತಿಗಳೆಲ್ಲ ಅವನು 1916ರಲ್ಲಿ ತೀರಿಕೊಂಡ ಮೇಲೆ ಎರಕ ಹೊಯ್ದವು. ಇಟಲಿಯ ಇನ್ನೊಬ್ಬ ಕಲಾವಿದ ಮೊದಿಲ್ಯಾನಿ ಬರೆದುಕೊಂಡ ತನ್ನದೇ ಚಿತ್ರವೂ ಇಲ್ಲಿದೆ. 1963ರಲ್ಲಿ ಉದ್ಯಮಿ ಮಾತರಾತ್ಸೊ ಅವರ ಸಂಗ್ರಹ ವಿಶ್ವವಿದ್ಯಾಲಯದ ಕೈಸೇರಿದ್ದರಿಂದಲೇ ಇಂಥವು ವಿದ್ಯಾರ್ಥಿಗಳಿಗೂ ದಕ್ಕಿದವು, ಅದೂ ಪ್ರವೇಶ ಶುಲ್ಕವಿಲ್ಲದೆ! ಹೋಗುವವರು ಆಗ ಯಾವ ಕೃತಿಗಳು ಪ್ರದರ್ಶನದಲ್ಲಿವೆ ಅಂತ ಮೊದಲು ನೋಡಿಕೊಳ್ಳಿ, ಅರ್ಧ ದಿನವಾದರೂ ಇಟ್ಟುಕೊಳ್ಳಿ. ತಾರಸಿಗೆ ಕೊನೆಯಲ್ಲಿ ಹತ್ತಿದರೆ ಸಾಕು.