ವಾಲಿ ಕೇಳಿದ ಪ್ರಶ್ನೆ

"ಎಲ್ಲ ಯೂಟ್ಯೂಬಿನಲ್ಲಿ ಸಿಗ್ತದಲ್ಲ ಮಾವ, ನೀವು ಎಂತಕ್ಕೆ ರೇಡಿಯೋ ರೆಕಾರ್ಡ್ ಮಾಡುದು?" ಅಂತ ತಂಗಿಯ ಮಗ ಕೇಳಿದ. ಸಿಗುತ್ತದೆ, ಯಾರು ಇಲ್ಲ ಅಂದರು? ಕಳೆದ ವಾರ ಮಂಗಳೂರು ಆಕಾಶವಾಣಿಯಲ್ಲಿ ಬಂದ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನ) ಹುಡುಕಿ ಕೊಡು ಮಾರಾಯ ಅಂದೆ. ಹುಡುಕಿದ. ಮೊದಲು ಮಲಯಾಳದಲ್ಲಿ ಚಿನ್ನದಂಗಡಿಯ ಜಾಹೀರಾತು ಬಂತು, ಆಮೇಲೆ ಯಾರೋ ಮೀನು ಹುರಿಯುವ ವಿಡಿಯೋ. ಕಾಸರಗೋಡಿನ ಬದಿಯಡ್ಕದಲ್ಲಿ ಕೂತವರಿಗೆಲ್ಲ ಮಲಯಾಳವೇ ಬೇಕು ಅಂತ ಈ ಫೋನಿಗೆ ಯಾರು ಹೇಳಿಕೊಟ್ಟರೋ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಲೇ ತೀರ್ಮಾನ ಆಗಿದೆಯಲ್ಲ ಅಂತೀರಾ? ಇರಲಿ ಬಿಡಿ, ಅದನ್ನು ಶುರು ಮಾಡಿದರೆ ಇವತ್ತಿಗೆ ಮುಗಿಯುವುದಿಲ್ಲ.

ರೆಕಾರ್ಡ್ ಯಾಕೆ ಅಂದರೆ, ತೋಟದಲ್ಲಿ ರೇಂಜ್ ಇಲ್ಲ. ಅಷ್ಟೇ. ಆದರೆ ಅಷ್ಟೇ ಅಲ್ಲ, ಅದಕ್ಕೆ ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ಕತೆ ಹೇಳಬೇಕು.

ಅಪ್ಪಚ್ಚಿಯ ಹತ್ತಿರ ಒಂದು ಟೇಪ್ ರೆಕಾರ್ಡರ್ ಇತ್ತು, ರೇಡಿಯೋ ಸಮೇತ. ರಾತ್ರಿ ಅಡಿಕೆ ಸುಲಿಯುವಾಗ ತಾಳಮದ್ದಳೆ ಬಂದರೆ ಪ್ಲೇ ಮತ್ತು ಕೆಂಪು ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ, "ಇನ್ನು ಯಾರೂ ಕೆಮ್ಮಬೇಡಿ" ಅನ್ನುತ್ತಿದ್ದರು. ಕ್ಯಾಸೆಟ್ಟಿನ ಮೇಲಿನ ಪ್ಲಾಸ್ಟಿಕ್ ಕಿವಿ ಮುರಿದಿದ್ದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ, ಅದಕ್ಕೆ ಆ ತೂತಿಗೆ ಸೆಲ್ಲೋಟೇಪ್ ಅಂಟಿಸುತ್ತಿದ್ದರು. ಹಾಗೆ ಚಿಕ್ಕಮ್ಮನ ಎಷ್ಟೋ ಭಜನೆಗಳು ಯುದ್ಧಕ್ಕೆ ಬಲಿಯಾದವು. ಒಂದು ದಿನ ವಾಲಿವಧೆ. ಕ್ಯಾಸೆಟ್ಟು ಸಿ-60, ಒಂದು ಮಗ್ಗುಲಿಗೆ ಅರ್ಧ ಗಂಟೆ. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ಅದೇ ಹೊತ್ತಿಗೆ ಹಟ್ಟಿಯಲ್ಲಿ ದನ ಬಳ್ಳಿ ತಪ್ಪಿಸಿಕೊಂಡಿತು. ಅಪ್ಪಚ್ಚಿ ಓಡಿದರು, ಹಿಂದೆ ನಾವೆಲ್ಲ ಓಡಿದೆವು. ಬಂದು ನೋಡಿದರೆ ಟೇಪು ಟಕ್ ಅಂತ ನಿಂತು ಎಷ್ಟು ಹೊತ್ತಾಗಿತ್ತೋ. ತಿರುಗಿಸಿ ಹಾಕಿದಾಗ ರೇಡಿಯೋದಲ್ಲಿ ಮಂಗಳ ಹಾಡುತ್ತಿದ್ದರು.

ನಾವು ಆ ಕ್ಯಾಸೆಟ್ಟು ಕೇಳಿಕೊಂಡೇ ಬೆಳೆದವರು. ವಾಲಿಯ ಪ್ರಶ್ನೆ ಬಾಯಿಪಾಠ, ಹಿನ್ನೆಲೆಯಲ್ಲಿ ಚಿಕ್ಕಮ್ಮ "ದನ, ದನ" ಅಂತ ಕೂಗುವುದೂ ಬಾಯಿಪಾಠ. ರಾಮನ ಉತ್ತರ ಮಾತ್ರ ನಮ್ಮ ಮನೆಗೆ ಬರಲೇ ಇಲ್ಲ. ನಾನು ವಾಲಿಯ ಕಡೆಯವನು ಆದದ್ದು ಹೀಗೆ. ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆಯ ಮಗ್ಗುಲಲ್ಲೇ ಇದ್ದುಕೊಂಡು ಇಂಥ ಅರ್ಧ ಜ್ಞಾನ.

ಈಗ ಮಗ್ಗುಲು ತಿರುಗಿಸುವ ರಗಳೆ ಇಲ್ಲ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಅನ್ನುವ ಪ್ಲೇಯರಿಗೆ ಆಕಾಶವಾಣಿಯ ಸ್ಟ್ರೀಮಿನ (ಇಂಟರ್ನೆಟ್ಟಿನಲ್ಲಿ ಬರುವ ನೇರ ಪ್ರಸಾರದ) ವಿಳಾಸ ಕೊಟ್ಟು ಕೆಂಪು ಗುಂಡಿ ಒತ್ತಿದರೆ ಆಯ್ತು. ಧ್ವನಿ 128 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೋಬಿಟ್) ಆದರೆ ಗಂಟೆಗೆ ಹತ್ತಿರ ಹತ್ತಿರ 58 ಎಂಬಿ, 64ಕ್ಕೆ ಅದರ ಅರ್ಧ. ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳ ಮಾತಿಗೆ 64 ಧಾರಾಳ ಸಾಕು, ಚೆಂಡೆಗೆ ಸಾಲದು. ಆದರೆ ಸ್ಟ್ರೀಮು ರೇಡಿಯೋಕ್ಕಿಂತ ಅರ್ಧ ನಿಮಿಷದಷ್ಟು ಹಿಂದೆ ಓಡುತ್ತದೆ. ಗಡಿಯಾರ ನೋಡಿ ನಿಲ್ಲಿಸಿದರೆ ಬಾಲ ಹೋಗುತ್ತದೆ. ಜೂನ್ ಬಂತೆಂದರೆ ಕರೆಂಟೇ ಹೋಗುತ್ತದೆ, ಅದರ ಜೊತೆ ಮೋಡೆಮ್ಮು. ಲ್ಯಾಪ್‌ಟಾಪು ಮಾತ್ರ ಬ್ಯಾಟರಿಯಲ್ಲಿ ಏನೂ ಆಗದವರ ಹಾಗೆ ಕೂತಿರುತ್ತದೆ.

ಇಷ್ಟೆಲ್ಲ ಮಾಡಿ ತುಂಬಿಸಿಟ್ಟದ್ದನ್ನು ಪೂರ್ತಿ ಕೇಳುತ್ತೀರಾ ಅಂತ ಮಾತ್ರ ಕೇಳಬೇಡಿ. ಮಳೆಗಾಲಕ್ಕೆ ಅಂತ ಡಬ್ಬದಲ್ಲಿ ಹಲಸಿನ ಹಪ್ಪಳ ಇಟ್ಟವರನ್ನು ಇವತ್ತೇ ಯಾಕೆ ತಿನ್ನಲಿಲ್ಲ ಅಂತ ಯಾರಾದರೂ ಕೇಳುತ್ತಾರಾ? ಫೋನು ಕೇಳುತ್ತದೆ. "ಜಾಗ ತುಂಬಿದೆ, ಬಳಸದ ಫೈಲುಗಳನ್ನು ಅಳಿಸಲೇ?" ಬಳಸದ್ದು ಅಂತ ಹೇಳಲು ಇದು ಯಾರು? ಜಾಸ್ತಿ ಪೀಡಿಸಿದ್ದಕ್ಕೆ ನಿನ್ನೆ ಒಂದು ಮದುವೆಯ ವಿಡಿಯೋ ಅಳಿಸಿದೆ. ನಾಲ್ಕು ಜಿಬಿ ಜಾಗ ಆಯ್ತು. ಯಾರ ಮದುವೆ ಅಂತ ಇಲ್ಲಿ ಬರೆಯುವುದಿಲ್ಲ.